ಒಗ್ಗರಣೆ ನಿಲ್ಲದ ಮನೆ

ಮೊನ್ನೆ ಚಾಮರಾಜಪೇಟೆಗೆ ಹೋಗಿದ್ದೆ. ನಮ್ಮ ಮೈದುನನ ಮಗ ಫ್ಲ್ಯಾಟ್ ತಗೊಂಡಿದ್ದಾನೆ, ಗೃಹಪ್ರವೇಶ. ಆ ಬಿಲ್ಡಿಂಗ್ ಎದ್ದಿರುವುದು ನಾವು ಹಿಂದೆ ಇದ್ದ ವಠಾರದ ಜಾಗದಲ್ಲೇ. ಆಟೋದಿಂದ ಇಳಿದು ಗಿರಿಜೆಯ ಕೈ ಹಿಡಿದು ಫುಟ್‌ಪಾತ್ ಹತ್ತಿಸುತ್ತಿದ್ದೆ. ಅಷ್ಟರಲ್ಲಿ ವಾಸನೆ ಬಂತು. ಕಾದ ಎಣ್ಣೆಗೆ ಸಾಸಿವೆ, ಇಂಗು, ಕರಿಬೇವು, ಒಣಮೆಣಸಿನಕಾಯಿ. ಅಡಿಗೆಯವರು ಸಾರಿಗೆ ಒಗ್ಗರಣೆ ಕೊಡುತ್ತಿದ್ದರು. ದಾರಿಯಲ್ಲಿ ಹೋಗುತ್ತಿದ್ದ ಒಬ್ಬ ಹುಡುಗ "ಘಮ್ ಅಂತಿದೆ ಗುರು" ಅಂತ ಇನ್ನೊಬ್ಬನಿಗೆ ಹೇಳಿಕೊಂಡು ಹೋದ. ನಾನು ಸೆರಗು ಮೂಗಿಗೆ ಒತ್ತಿಕೊಂಡು ನಿಂತೆ.

"ಯಾಕವ್ವ ನಿಂತ್ಬಿಟ್ಟೆ?" ಅಂದಳು ಗಿರಿಜ.

"ಚಪ್ಪಲಿ ಸಿಕ್ಕಾಕ್ಕೊಂತು" ಅಂದೆ.

ಗಿರಿಜ ನನ್ನ ಮಗಳು. ಐವತ್ತು ದಾಟಿದ್ದಾಳೆ. ಕುರ್ಚಿಗೆ ಬೆತ್ತ ಹೆಣೆದು ದುಡಿದವಳು, ಯಾರ ಮುಂದೂ ಕೈ ಚಾಚಿದವಳಲ್ಲ. ಕಣ್ಣು ಕಾಣಲ್ಲ. ಹುಟ್ಟುಕುರುಡಿಯಲ್ಲ. ಸರೋಜನ ಮದುವೆಯ ವರ್ಷದವರೆಗೂ ಕಾಣುತ್ತಿತ್ತು.

ಎಮರ್ಜೆನ್ಸಿ ಹಾಕಿದ್ದ ಕಾಲ ಅದು. ನನ್ನ ಗಂಡ ಚಿಕ್ಕಪೇಟೆಯ ಒಂದು ಜವಳಿ ಅಂಗಡಿಯಲ್ಲಿ ಸೀರೆ ಬಿಚ್ಚಿ ತೋರಿಸುವ ಕೆಲಸದಲ್ಲಿದ್ದ. ನಾನು ಮಾಗಡಿ ಕಡೆಯ ಹಳ್ಳಿಯವಳು, ಎರಡನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು. ವಠಾರ ಅಂದರೆ ಎದುರುಬದುರು ಸಾಲು ಮನೆ, ನಡುವೆ ಕಲ್ಲು ಹಾಸಿದ ಅಂಗಳ, ಎಲ್ಲರಿಗೂ ಸೇರಿ ಒಂದು ನಲ್ಲಿ. ಮನೆ ಮನೆಯ ನಡುವಿನ ಗೋಡೆ ಹೆಂಚಿನವರೆಗೂ ಮುಟ್ಟುತ್ತಿರಲಿಲ್ಲ. ಈ ಮನೆಯ ಮಗು ಸೀನಿದರೆ ಆ ಮನೆಯವರು ಶತಾಯುಸ್ಸು ಅನ್ನುತ್ತಿದ್ದರು. ಯಾರ ಮನೆಯಲ್ಲಿ ಏನು ಅಡಿಗೆ ಅಂತ ಕೇಳುವುದೇ ಬೇಡ, ಮೂಗಿದ್ದರೆ ಸಾಕು.

ಯುಗಾದಿ ಕಳೆದು ಬಿಸಿಲು ಏರಿತು. ಆ ವರ್ಷ ಮಾವು ಮಾಗುವ ಹೊತ್ತಿಗೆ ಬರುವ ಮಳೆಯೂ ಬರಲಿಲ್ಲ. ನಲ್ಲಿ ಮುಂಜಾನೆ ಸ್ವಲ್ಪ ಹೊತ್ತು ತೊಟ್ಟಿಕ್ಕಿ ನಿಲ್ಲುತ್ತಿತ್ತು. ಅದೇ ಬಿಸಿಲಲ್ಲಿ ನಮ್ಮ ಬೀದಿಗೆ ಅಮ್ಮ ಬಂತು. ಮಕ್ಕಳಿಗೆ ಜ್ವರ, ಕೆಮ್ಮು, ಮೈಯೆಲ್ಲಾ ಕೆಂಪು ಗುಳ್ಳೆ. ಡಾಕ್ಟರು ಅದಕ್ಕೆ ದಡಾರ ಅನ್ನುತ್ತಾರೆ. ನಮಗೆ ಸಿಡುಬಾದರೂ ಅಮ್ಮ, ದಡಾರವಾದರೂ ಅಮ್ಮ. ಕಾಯಿಲೆ ಅನ್ನುವ ಹಾಗಿಲ್ಲ. ತಾಯಿ ಬಂದಿದ್ದಾಳೆ ಅನ್ನಬೇಕು, ವಾಸಿಯಾದರೆ ಇಳಿದಳು ಅನ್ನಬೇಕು.

ಅಮ್ಮ ಬಂದ ಮನೆಗೆ ಕಟ್ಟಳೆ ಇತ್ತು. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಬೇಕು. ಹೊರಗಿನವರು ಒಳಗೆ ಬರಕೂಡದು, ಒಳಗಿನವರು ಇನ್ನೊಬ್ಬರ ಮನೆ ಹೊಸಿಲು ತುಳಿಯಕೂಡದು. ತಲೆ ಬಾಚಬಾರದು, ಬಟ್ಟೆ ಅಗಸರಿಗೆ ಹಾಕಬಾರದು. ಮದುವೆ ಮುಂಜಿ ಏನಿದ್ದರೂ ಮುಂದಕ್ಕೆ ಹಾಕಬೇಕು. ಎಲ್ಲಕ್ಕಿಂತ ಮುಖ್ಯ, ಒಗ್ಗರಣೆ ಹಾಕಬಾರದು. ಎಣ್ಣೆ ಕಾದರೆ ತಾಯಿಗೆ ಮೈ ಉರಿಯುತ್ತೆ, ಸಾಸಿವೆ ಸಿಡಿದರೆ ಮಗುವಿನ ಗುಳ್ಳೆ ಸಿಡಿಯುತ್ತೆ ಅಂತ. ಅನ್ನ, ಮೊಸರು, ಎಳನೀರು, ಅಷ್ಟೇ.

ಈಗಿನವರು ಕೇಳಿ ನಗುತ್ತಾರೆ. ನಗಲಿ. ಮಗುವಿಗೆ ತಂಪು ಊಟ, ನೆರಳು, ಹೊಗೆಯಿಲ್ಲದ ಮನೆ. ಒಂದು ಮನೆಯ ಕಾಯಿಲೆ ಇನ್ನೊಂದು ಮನೆಗೆ ದಾಟುತ್ತಿರಲಿಲ್ಲ. ಎದುರು ಮನೆಯ ಮಗುವಿಗೆ ಬಂದಾಗ ನಾವೆಲ್ಲ ಅವರ ಹೊಸಿಲ ಹೊರಗೆ ಮೊಸರು, ಎಳನೀರು ಇಟ್ಟು ಕೂಗಿ ಹೇಳಿ ಬರುತ್ತಿದ್ದೆವು. ಆ ಮಗು ಎದ್ದು ಓಡಾಡಿತು. ಕಟ್ಟಳೆಯಲ್ಲಿ ತಪ್ಪಿರಲಿಲ್ಲ.

ನಮ್ಮ ಮನೆಯಲ್ಲಿ ಆಗ ಸರೋಜನ ಮದುವೆ ಗೊತ್ತಾಗಿತ್ತು. ಸರೋಜ ನನ್ನ ಗಂಡನ ತಂಗಿ. ಬಣ್ಣ ಕಮ್ಮಿ, ವಯಸ್ಸು ಜಾಸ್ತಿ ಅಂತ ನೋಡಲು ಬಂದ ಗಂಡುಗಳೆಲ್ಲ ಉಪ್ಪಿಟ್ಟು ತಿಂದು ಕೈ ತೊಳೆದು ಹೋಗಿದ್ದರು. ಕೊನೆಗೆ ಮಲ್ಲೇಶ್ವರದ ಸಂಬಂಧ ಒಂದು ಕುದುರಿತು. ಹುಡುಗನಿಗೆ ಸರ್ಕಾರಿ ಕೆಲಸ. ಬಸವನಗುಡಿಯಲ್ಲಿ ಛತ್ರ ಗೊತ್ತಾಯಿತು. ನಮ್ಮತ್ತೆ ಗಂಡ ಸತ್ತ ಮೇಲೆ ಒಬ್ಬಳೇ ಮಕ್ಕಳನ್ನು ಸಾಕಿದವಳು. ಬೆಳಿಗ್ಗೆ ಎದ್ದ ಕೂಡಲೇ "ಇದೊಂದು ದಡ ಸೇರ್ಬಿಟ್ರೆ ನಾನು ಕಣ್ಣು ಮುಚ್ಚಿದ್ರೂ ಸೈ" ಅನ್ನುತ್ತಿದ್ದಳು. ಮುಚ್ಚಲಿಲ್ಲ. ಆಮೇಲೂ ಬಹಳ ವರ್ಷ ಗಟ್ಟಿಯಾಗಿದ್ದಳು.

ಮದುವೆ ಹತ್ತಿರ ಬಂದಿತ್ತು. ಗಿರಿಜೆಗೆ ಜ್ವರ ಬಂತು, ಮೂಗು ಸುರಿಯಿತು. ಬೆಳಿಗ್ಗೆ ಮುಖ ತೊಳೆಸುವಾಗ ಕಿವಿಯ ಹಿಂದೆ ಕೆಂಪಗೆ ಎದ್ದಿದ್ದು ನೋಡಿದೆ. ಅತ್ತೆಗೂ ತೋರಿಸಿದೆ. ಸೆರಗು ಸಿಕ್ಕಿಸಿಕೊಂಡು ಬೇವು ತರಲು ಹೊರಟೆ. ಬೀದಿ ಕೊನೆಗೆ ಮರ ಇತ್ತು.

ಅತ್ತೆ ಬಾಗಿಲಿಗೆ ಅಡ್ಡ ನಿಂತಳು. "ಎಲ್ಲಿಗೆ?"

"ಬೇವು ತರಕ್ಕೆ."

"ಬೇವು ಬಾಗಿಲಿಗೆ ಬಂದ್ರೆ ಸರೋಜನ ಮದ್ವೆ ಬಾಗಿಲಿಂದಾಚೆ ಹೋಯ್ತದೆ. ಗೊತ್ತೈತಾ ನಿಂಗೆ? ಬೀಗ್ರು ಈ ಸಲ ಬಿಟ್ರೆ ತಿರುಗಿ ನೋಡಲ್ಲ."

"ಹಂಗಾದ್ರೆ ಡಾಕ್ಟರ ಹತ್ರಾನಾದ್ರೂ ಕರ್ಕೊಂಡು ಹೋಗ್ತೀನಿ."

"ಥೂ! ಅಮ್ಮ ಆದ ಮಗೀಗೆ ಸೂಜಿ ಚುಚ್ಚಿಸ್ತಾರೇನೇ? ತಾಯಿ ಮುನಿಸ್ಕೊಂಡ್ರೆ ಮನೆ ಉಳಿಯಲ್ಲ."

ನಾನು ಕೇಳಿಯೇ ಬಿಟ್ಟೆ. "ಬೇವು ಕಟ್ಟಕ್ಕೆ ಮಾತ್ರ ಇದು ಅಮ್ಮ ಅಲ್ಲ, ಡಾಕ್ಟರ ಹತ್ರ ಹೋಗಕ್ಕೆ ಅಮ್ಮ. ಒಂದು ಹೇಳಿ ಅತ್ತೆ, ಯಾವ್ದು?"

ಅವಳು ದೇವರ ಮುಂದೆ ಹೋಗಿ ಹಳದಿ ಬಟ್ಟೆಯಲ್ಲಿ ಅರಿಶಿನದ ಕೊಂಬು ಕಟ್ಟಿಟ್ಟು, "ಧಾರೆ ಮುಗಿಯೋ ತನಕ ಸುಮ್ನಿರು ತಾಯಿ, ಆಮೇಲೆ ತಂಬಿಟ್ಟಿನ ಆರತಿ ತತ್ತೀನಿ" ಅಂದಳು. ದೇವರಿಗೇ ಸ್ವಲ್ಪ ಆಚೆ ಕೂತಿರು ಅನ್ನುವ ಧೈರ್ಯ ನಮ್ಮತ್ತೆಗೊಬ್ಬಳಿಗೇ ಇದ್ದದ್ದು.

ಸಂಜೆ ಗಂಡ ಬಂದ. ಮಗುವಿನ ಹಣೆ ಮುಟ್ಟಿ ನೋಡಿದ, ಅವ್ವನ ಮುಖ ನೋಡಿದ. "ಅವ್ವ ಹೇಳ್ದಂಗೆ ಕೇಳು ಜಯಾ. ಎಲ್ಲಾ ಮಕ್ಳಿಗೂ ಬರತ್ತೆ, ಹೋಗತ್ತೆ" ಅಂದ. ಅಂಗಡಿಯಲ್ಲಿ ಯಾವ ಸೀರೆ ಕೇಳಿದರೆ ಆ ಸೀರೆ ಬಿಚ್ಚಿ ಬಿಚ್ಚಿ ಅವನಿಗೆ ಇಲ್ಲ ಅನ್ನುವುದು ಮರೆತೇ ಹೋಗಿತ್ತು.

ಗಿರಿಜೆಯನ್ನು ಹಿಂದಿನ ಕೋಣೆಗೆ ಹಾಕಿದರು. ಸೌದೆ, ಮರದ ಹೊಟ್ಟು ಇಡುವ ಕೋಣೆ, ಕಿಟಕಿ ಇಲ್ಲ. ಅಡಿಗೆ ಒಲೆ ಅದರ ಪಕ್ಕದಲ್ಲೇ. ವಠಾರದವರಿಗೆ ಏನು ಹೇಳಬೇಕು ಅಂತ ಅತ್ತೆ ಕಲಿಸಿದಳು: ಮಗು ಮಾಗಡಿಗೆ, ಅಜ್ಜಿ ಮನೆಗೆ ಹೋಗಿದೆ.

ಮಾರನೇ ದಿನ ನಾನು ಬರೀ ಅನ್ನ ಬಸಿದು ಮಜ್ಜಿಗೆ ಕಡೆದೆ. ಅತ್ತೆ ಬಂದು ಪಾತ್ರೆ ಮುಚ್ಚಳ ತೆಗೆದು ನೋಡಿದಳು.

"ಒಗ್ಗರಣೆ ಎಲ್ಲೇ?"

"ಮಗು ಮಲಗೈತಲ್ಲ ಅತ್ತೆ."

"ಮದ್ವೆ ಮನೇಲಿ ಒಗ್ಗರಣೆ ವಾಸ್ನೆ ನಿಂತ್ರೆ ಪಕ್ಕದ ರುಕ್ಕಿ ಸುಮ್ನಿರ್ತಾಳಾ? ಮಧ್ಯಾಹ್ನದೊಳಗೆ ಬೀದಿಗೆಲ್ಲ ಡಂಗುರ. ಹಾಕು. ಮೆಣಸಿನಕಾಯಿ ಜಾಸ್ತಿ ಹಾಕು, ಘಾಟು ಹೋಗ್ಲಿ ಆಚೆಗೆ."

ಹಾಕಿದೆ. ಹಾಕದೆ ಎಲ್ಲಿಗೆ ಹೋಗಲಿ? ನಮ್ಮಪ್ಪ ಆಗಲೇ ತೀರಿಕೊಂಡಿದ್ದ. ಆವತ್ತಿನಿಂದ ದಿನಾ ಬೆಳಿಗ್ಗೆ, ಸಂಜೆ. ಬೇಳೆ ಸಾರಿಗೊಂದು, ಪಲ್ಯಕ್ಕೊಂದು, ಚಟ್ನಿಗೊಂದು. ಒಗ್ಗರಣೆ ಬೇಡದ್ದಕ್ಕೂ ಹಾಕಿಸಿದಳು. ಹೊಗೆ ಆ ಕೋಣೆಗೇ ನುಗ್ಗುತ್ತಿತ್ತು. ಮಗು ಕೆಮ್ಮಿದರೆ ಅತ್ತೆ ಒರಳಿನ ಮುಂದೆ ಕೂತು ಗಡಗಡ ರುಬ್ಬುತ್ತಿದ್ದಳು, ಒರಳಿನಲ್ಲಿ ಏನೂ ಇಲ್ಲದಿದ್ದರೂ.

"ಅವ್ವ, ಕಣ್ಣು ಉರಿ" ಅನ್ನುತ್ತಿತ್ತು ಮಗು. ಒದ್ದೆ ಬಟ್ಟೆ ಹಾಕುತ್ತಿದ್ದೆ. ಕಣ್ಣು ಅಂಟಿಕೊಂಡು ಬಿಡಿಸಲು ಬರುತ್ತಿರಲಿಲ್ಲ.

ಈ ರುಕ್ಕಮ್ಮನ ಬಗ್ಗೆ ಹೇಳಬೇಕು. ನಮ್ಮ ಪಕ್ಕದ ಗೋಡೆಯವಳು, ವಿಧವೆ, ಹೂ ಕಟ್ಟಿ ಮಾರುತ್ತಿದ್ದಳು. ಬಾಯಿ ಜೋರು. ನಲ್ಲಿಯ ಹತ್ತಿರ ನನ್ನನ್ನು ಹಿಡಿದಳು.

"ಏನೇ ಜಯಾ, ನಿಮ್ಮನೇಲಿ ದಿನಾ ಹಬ್ಬಾನಾ? ಒಗ್ಗರಣೆ ಘಾಟಿಗೆ ನಮ್ಮ ಹೆಂಚಿನ ಮೇಲಿನ ಬೆಕ್ಕು ಸೀನ್ತದೆ."

"ಮದ್ವೆ ಮನೆ ಅಲ್ವಾ ಅಕ್ಕ."

"ಹೌದೌದು. ಗಿರಿಜ ಎಲ್ಲಿ, ಕಾಣ್ತಿಲ್ಲ?"

ನಾನು ಬಾಯಿ ಬಿಡುವುದರೊಳಗೆ ಹಿಂದಿನಿಂದ ಅತ್ತೆ, "ಮಾಗಡಿಗೆ ಕಳ್ಸಿದೀವಿ, ಮದ್ವೆ ಗಲಾಟೇಲಿ ಯಾರು ನೋಡ್ಕಂತಾರೆ" ಅಂದಳು. ರುಕ್ಕಮ್ಮ ಕೊಡ ಎತ್ತಿಕೊಂಡು ನನ್ನ ಮುಖವನ್ನೇ ನೋಡಿದಳು. "ಅಲ್ಲಿ ತಂಪಿರ್ತದೆ ಬಿಡು" ಅಂತ ಅಂದು ಹೋದಳು.

ಒಂದು ಮಧ್ಯಾಹ್ನ ಮಲ್ಲೇಶ್ವರದಿಂದ ಬೀಗರು ಬಂದರು, ಧಾರೆ ಸೀರೆ ತೋರಿಸಲು. ಸಂಪಿಗೆ ರಸ್ತೆಯ ಅಂಗಡಿಯಲ್ಲಿ ತೆಗೆದಿದ್ದರಂತೆ. ಜೊತೆಗೆ ಗಂಡಿನ ಅಣ್ಣನ ಮಗಳು, ಗಿರಿಜೆಯ ವಯಸ್ಸಿನ ಹುಡುಗಿ. ದೊಡ್ಡವರು ಜರಿ ಮುಟ್ಟಿ ನೋಡುತ್ತಿದ್ದಾಗ ಆ ಮಗು ಒಳಗೆ ಓಡಾಡಿಕೊಂಡು ಹಿಂದಿನ ಕೋಣೆಯ ಬಾಗಿಲು ತಳ್ಳಿತು. ಅಲ್ಲೇ ಸ್ವಲ್ಪ ಹೊತ್ತು ನಿಂತಿದ್ದು ಹೊರಗೆ ಬಂದು, "ಅಜ್ಜಿ, ಒಳಗೆ ಯಾರೋ ಕೆಮ್ತಾ ಇದಾರೆ" ಅಂದಿತು.

"ಬೆಕ್ಕು ಕಣವ್ವ" ಅಂದಳು ನಮ್ಮತ್ತೆ.

"ಬೆಕ್ಕು ನೀರು ಕೇಳ್ತು" ಅಂದಿತು ಮಗು.

ಬೀಗರೆಲ್ಲ ಗೊಳ್ಳೆಂದು ನಕ್ಕರು. "ಬಲೇ ಚೂಟಿ ನಮ್ಮುಡುಗಿ" ಅಂದರು. ಸರೋಜನೂ ನಕ್ಕಳು. ಸೀರೆಯ ಸೆರಗು ಭುಜದ ಮೇಲೆ ಹಾಕಿಕೊಂಡು ನನ್ನ ಕಡೆ ನೋಡದೆ ನಕ್ಕಳು. ನಾನು ಅವರಿಗೆ ಕಾಫಿ ಕೊಟ್ಟು, ಲೋಟ ತೊಳೆಯುವ ನೆಪ ಹೇಳಿ ಹೋಗಿ ಮಗುವಿಗೆ ನೀರು ಕುಡಿಸಿದೆ.

ಮದುವೆಯ ಹಿಂದಿನ ದಿನ ಎಲ್ಲರೂ ಛತ್ರಕ್ಕೆ ಹೋದರು. ಮನೆ ಕಾಯುವ ನೆಪದಲ್ಲಿ ನಾನು ಉಳಿದೆ. ಗುಳ್ಳೆ ಒಣಗುತ್ತಿತ್ತು, ಜ್ವರ ಮಾತ್ರ ಬಿಟ್ಟಿರಲಿಲ್ಲ. ಕಣ್ಣು ಬಿಡಿಸಿದರೆ ಬಿಳಿ ಪೊರೆ. ಮದುವೆ ದಿನ ಬೆಳಿಗ್ಗೆ ಗಂಡ ಕರೆಯಲು ಬಂದ.

"ನಾನು ಬರಲ್ಲ" ಅಂದೆ.

"ಅಪ್ಪ ಇಲ್ಲದ ಹುಡುಗಿ ಕಣೇ ಅದು. ಅಣ್ಣ ಅತ್ತಿಗೆ ಕೂತು ಧಾರೆ ಎರೀಬೇಕು. ನೀನಿಲ್ದೆ ನಾನೊಬ್ನೇ ಎರೆಯಕ್ಕಾಗತ್ತಾ? ಪುರೋಹಿತರು ಒಪ್ತಾರಾ?"

"ಮಗು?"

"ಧಾರೆ ಆದ ತಕ್ಷಣ ಬಂದ್ಬಿಡು. ನಾನೇ ಕಳಿಸ್ತೀನಿ."

ಮಜ್ಜಿಗೆ ಲೋಟ ಮಗುವಿನ ಕೈಗೆ ಮುಟ್ಟಿಸಿ ಇಟ್ಟೆ. ಬೀಗ ಹಾಕಿದ್ದು ಅವನು. ಬೀಗದ ಕೈ ಅತ್ತೆಯ ಸೊಂಟಕ್ಕೆ ಹೋಯಿತು. ಸರೋಜ, ನಾನು, ನನ್ನ ಗಂಡ ಮಂಟಪದಲ್ಲಿ ಕೂತೆವು. ಓಲಗ ಜೋರಾಯಿತು. ಅವಳ ಕೈ ಮೇಲೆ, ಗಂಡಿನ ಕೈ ಮೇಲೆ, ತೆಂಗಿನಕಾಯಿ ಮೇಲೆ ತಂಬಿಗೆಯಿಂದ ಹಾಲು ನೀರು ಬಿಟ್ಟೆ. ಎಲ್ಲರೂ ಅಕ್ಷತೆ ಹಾಕಿದರು. "ಅತ್ತಿಗೆ ಅಳ್ತಾ ಇದಾಳೆ ನೋಡಿ, ಎಷ್ಟು ಪ್ರೀತಿ" ಅಂದರು ಯಾರೋ ಬೀಗರ ಕಡೆಯವರು.

ಧಾರೆ ಮುಗಿದ ಮೇಲೆ ಬೀಗದ ಕೈ ಕೇಳಿದೆ. "ನಾಗೋಲಿ ಶಾಸ್ತ್ರ ಆಗ್ಲಿ" ಅಂದಳು ಅತ್ತೆ. ಆಮೇಲೆ ಕೇಳಿದೆ. "ಬೀಗ್ರ ಪಂಕ್ತಿ ಏಳ್ಲಿ" ಅಂದಳು. ಗಂಡನನ್ನು ಹುಡುಕಿದೆ, ಅವನು ಪನ್ನೀರುದಾನಿ ಹಿಡಿದುಕೊಂಡು ಬಾಗಿಲಲ್ಲಿ ನಿಂತು ನಗುತ್ತಿದ್ದ. ಬೀಗದ ಕೈ ಬಿಟ್ಟೇ ಹೊರಟೆ. ರೇಷ್ಮೆ ಸೀರೆ ಎತ್ತಿ ಕಟ್ಟಿ, ಚಪ್ಪಲಿಯಿಲ್ಲದೆ, ಬಸವನಗುಡಿಯಿಂದ ಚಾಮರಾಜಪೇಟೆಗೆ ಸುಡುವ ಟಾರಿನ ಮೇಲೆ ಓಡಿದೆ.

ನಮ್ಮ ಮನೆ ಬಾಗಿಲಿಗೆ ಬೇವು ಸಿಕ್ಕಿಸಿತ್ತು. ಬೀಗ ಒಡೆದು ನೆಲದ ಮೇಲೆ ಬಿದ್ದಿತ್ತು, ಪಕ್ಕದಲ್ಲಿ ರುಬ್ಬುಗುಂಡು. ಒಳಗೆ ನಡುಮನೆಯಲ್ಲಿ ರುಕ್ಕಮ್ಮ ಗಿರಿಜೆಯನ್ನು ತೊಡೆಯ ಮೇಲೆ ಹಾಕಿಕೊಂಡು ಹತ್ತಿಯಲ್ಲಿ ಕಣ್ಣು ಒರೆಸುತ್ತಿದ್ದಳು. ವಠಾರದವರೆಲ್ಲ ಮದುವೆಗೆ ಹೋಗಿದ್ದರು. ಮುತ್ತೈದೆಯಲ್ಲ ಅಂತ ಅವಳೊಬ್ಬಳನ್ನು ಯಾರೂ ಕರೆದಿರಲಿಲ್ಲ.

"ಬಂದ್ಯಾ" ಅಂದಳು. "ಗೋಡೆ ಆಚೆಯಿಂದ ಮಗು ಅವ್ವ ಅವ್ವ ಅಂತು. ಎಷ್ಟೊತ್ತೂಂತ ಕೇಳ್ಲಿ."

"ಅಕ್ಕ, ನಿಮ್ಗೆ..."

"ನಂಗೆ ಮೊದಲ್ನೇ ದಿನಾನೇ ಗೊತ್ತಿತ್ತು ಕಣೇ. ಹೊತ್ತಿಗೆ ಮೂರು ಮೂರು ಒಗ್ಗರಣೆ ಹಾಕೋ ಮನೆ ಯಾವ್ದಾದ್ರೂ ಉಂಟಾ? ಒಣ ಒರಳು ರುಬ್ಬೋ ಸದ್ದು ನಂಗೆ ತಿಳಿಯಲ್ವಾ? ನಂಗೊಬ್ಳಿಗೇ ಅಲ್ಲ. ಇಡೀ ವಠಾರಕ್ಕೆ ಗೊತ್ತು."

ನಾನು ಗಿರಿಜೆಯ ಕೈ ಹಿಡಿದುಕೊಂಡೆ. "ಮತ್ತೆ ಯಾರೂ ಯಾಕೆ ಬಾಯಿ ಬಿಡ್ಲಿಲ್ಲ?"

"ಹೆಣ್ಣುಮಗಳ ಮದ್ವೆ ನಿಲ್ಲಿಸಿದ ಪಾಪ ಯಾರಿಗೆ ಬೇಕು ಹೇಳು" ಅಂದಳು ರುಕ್ಕಮ್ಮ. "ನಾನಂತೂ ಮೊದಲೇ ಅಪಶಕುನ."

ಅಷ್ಟೇ ವಿಷಯ. ಯಾರಿಗೆ ಗೊತ್ತಾಗಬಾರದು ಅಂತ ನನ್ನ ಮಗುವಿನ ಕಣ್ಣಿಗೆ ಮೆಣಸಿನಕಾಯಿ ಹೊಗೆ ಹಾಕಿದರೋ ಅವರಿಗೆಲ್ಲ ಗೊತ್ತಿತ್ತು. ಎಲ್ಲರೂ ಗೊತ್ತಿಲ್ಲದವರ ಹಾಗೆ ಇದ್ದು, ತಲೆಗೆ ಹೂ ಮುಡಿದು ಹೋಗಿ ಲಾಡು ತಿಂದು ಬಂದರು. ಒಬ್ಬರೂ ಕೆಟ್ಟವರಲ್ಲ. ಕೇಳಿದರೆ ಈಗಲೂ ಸರೋಜನ ಒಳ್ಳೇದಕ್ಕೆ ಸುಮ್ಮನಿದ್ದೆವು ಅಂತಾರೆ.

ರುಕ್ಕಮ್ಮನೇ ಮಗುವನ್ನು ಎತ್ತಿಕೊಂಡಳು. ಬೀದಿ ತುದಿಯ ಡಾಕ್ಟರು ಮಗುವಿನ ರೆಪ್ಪೆ ಬಿಡಿಸಿ ಬೆಳಕು ಹಾಕಿ ನೋಡಿದರು. ಬಹಳ ಹೊತ್ತು ನೋಡಿದರು.

"ಕಾಯಿಲೆ ಕಣ್ಣಿಗೆ ಇಳಿದಿದೆಯಮ್ಮ. ಬೇಗ ಬಂದಿದ್ರೆ ಔಷಧಿ ಹಾಕಿ ನೋಡಬಹುದಿತ್ತು. ಇಂಥಾ ಮಗುವನ್ನ ಹೊಗೇಲಿ ಯಾಕೆ ಇಟ್ರಿ?"

ನಾನು ಮೈತುಂಬ ರೇಷ್ಮೆ, ಹಣೆ ತುಂಬ ಕುಂಕುಮ ಇಟ್ಟುಕೊಂಡು ಕೂತಿದ್ದೆ. ದೊಡ್ಡ ಕಣ್ಣಾಸ್ಪತ್ರೆಗೂ ಅಲೆದೆವು. ಜೀವ ಉಳಿಯಿತು. ಕಣ್ಣು ಹೋಯಿತು, ಎರಡೂ.

ಮದುವೆ ಆದ ಮೇಲೆ ಮಲ್ಲೇಶ್ವರದ ಬೀಗರ ಮನೆಯ ಬಾಗಿಲಿಗೂ ಬೇವು ಬಂತು. ಬೆಕ್ಕು ನೀರು ಕೇಳಿತು ಅಂದಿತ್ತಲ್ಲ, ಆ ಮಗುವಿಗೆ. ಅವರು ಬೇವೂ ಕಟ್ಟಿದರು, ಡಾಕ್ಟರನ್ನೂ ಕರೆಸಿದರು, ಒಗ್ಗರಣೆಯನ್ನೂ ನಿಲ್ಲಿಸಿದರು. ಆ ಮಗುವಿಗೆ ಏನೂ ಆಗಲಿಲ್ಲ. ಸಂತೋಷ. "ಕಾಲ ಕೆಟ್ಟೋಗೈತೆ, ಎಲ್ಲಾ ಕಡೆ ಬಂದೈತೆ" ಅಂದಳು ನಮ್ಮತ್ತೆ.

ಮನೆಗೆ ಬಂದವರು ಗಿರಿಜೆಯ ಕಣ್ಣು ನೋಡಿ ಕೇಳುತ್ತಿದ್ದರು. ಅತ್ತೆ ಸೆರಗಲ್ಲಿ ಮೂಗು ಒರೆಸಿಕೊಂಡು ಹೇಳುತ್ತಿದ್ದಳು: "ಅಮ್ಮ ಬಂದಿದ್ಳು. ನಮ್ ಸೊಸೆ, ತಿಳಿವಳಿಕೆ ಇಲ್ಲ, ಒಗ್ಗರಣೆ ಹಾಕ್ಬಿಟ್ಳು. ತಾಯಿ ಸುಮ್ನಿರ್ತಾಳಾ? ಕಣ್ಣು ಇಸ್ಕೊಂಡ್ಳು." ಮೊದಲ ಸಲ ಕೇಳಿದಾಗ ನಾನು ಕೈಯಲ್ಲಿದ್ದ ಮೊರ ಕೆಳಗಿಟ್ಟು ಗಂಡನ ಕಡೆ ನೋಡಿದೆ. ಅವನು ಪೇಪರ್ ಓದುತ್ತಿದ್ದ. ಸುಳ್ಳು ಅಂತ ಒಂದು ಮಾತು ಅವನ ಬಾಯಿಂದ ಬರಲಿಲ್ಲ. ಸಾಯುವವರೆಗೂ ಬರಲಿಲ್ಲ.

ಆವತ್ತಿನಿಂದ ನಾನು ಒಗ್ಗರಣೆ ಹಾಕಲಿಲ್ಲ. ಅತ್ತೆ ಬೈದಳು, ಗಂಡ ತಟ್ಟೆ ತಳ್ಳಿದ. ಬೇಯಿಸಿದ ಬೇಳೆಗೆ ಉಪ್ಪು ಖಾರ ಹಾಕಿ ಇಳಿಸಿದೆ. ಬೇಕಾದವರು ಹಾಕಿಕೊಳ್ಳಿ ಅಂದೆ. ಮೈದುನನ ಮದುವೆಗೂ ಹಾಕಲಿಲ್ಲ, ಅತ್ತೆಯ ತಿಥಿಗೂ ಹಾಕಲಿಲ್ಲ. ವಠಾರದಲ್ಲಿ "ಜಯಮ್ಮನ ಮನೇಲಿ ವರ್ಷಪೂರ್ತಿ ಅಮ್ಮ" ಅಂತ ನಗುತ್ತಿದ್ದರು. ಅದೂ ಸುಳ್ಳಲ್ಲ.

ಗಿರಿಜ ದೊಡ್ಡವಳಾದ ಮೇಲೆ ಒಂದು ದಿನ ಕೂರಿಸಿಕೊಂಡು ಎಲ್ಲ ಹೇಳಿದೆ. ಯಾರು ಏನಂದರು, ಯಾರು ಸುಮ್ಮನಿದ್ದರು, ಯಾರು ಬೀಗ ಹಾಕಿದರು, ಯಾರು ಒಡೆದರು. ಬೆತ್ತ ಹೆಣೆಯುತ್ತಲೇ ಕೇಳಿದಳು. "ಸರಿ ಬಿಡವ್ವ" ಅಂದಳು. ಮತ್ತೆ ಆ ಮಾತು ಎತ್ತಲಿಲ್ಲ.

ಮೊನ್ನೆ ಗೃಹಪ್ರವೇಶದ ಊಟಕ್ಕೆ ಕೂತಾಗ ನನ್ನ ಒಂದು ಪಕ್ಕ ಗಿರಿಜ, ಇನ್ನೊಂದು ಪಕ್ಕ ಸರೋಜ. ಮೊಮ್ಮಕ್ಕಳನ್ನು ಕಂಡವಳು, ಮೈತುಂಬ ಬಂಗಾರ. ಮಾತು ಕೊರೋನಾ ಕಡೆ ಹೋಯಿತು.

"ಏನ್ ಜನ ಅತ್ತಿಗೆ, ಕಾಯಿಲೆ ಬಚ್ಚಿಟ್ಕೊಂಡು ಮದ್ವೆ ಮಾಡಿದ್ರಂತೆ. ನಮ್ಮ ಕಾಲದಲ್ಲಿ ಹಿಂಗಿತ್ತಾ? ಅಮ್ಮ ಅಂದ್ರೆ ಎಷ್ಟು ಭಯ, ಎಷ್ಟು ಭಕ್ತಿ" ಅಂದಳು. ಸಾರು ಬಡಿಸಲು ಬಂದ ಮೈದುನನ ಸೊಸೆಗೆ, "ನಮ್ಮತ್ತಿಗೆಗೆ ಹಾಕ್ಬೇಡಮ್ಮ, ಅವ್ರು ಒಗ್ಗರಣೆ ಮುಟ್ಟಲ್ಲ. ಪಾಪ, ಆವತ್ತು ತಿಳೀದೆ ಹಾಕ್ಬಿಟ್ಟು..." ಅಂತ ನಾಲಗೆ ಲೊಚಗುಟ್ಟಿದಳು.

ನಾನು ಏನಾದರೂ ಅನ್ನುತ್ತಿದ್ದೆ. ಅಷ್ಟರಲ್ಲಿ ಗಿರಿಜ ನನ್ನನ್ನು ದಾಟಿ ಆ ಕಡೆ ಮುಖ ತಿರುಗಿಸಿದಳು.

"ಸರೋಜತ್ತೆ, ನಿಮ್ಮ ಮದ್ವೇಲಿ ಏನೇನು ಊಟ ಮಾಡಿಸಿದ್ರು?"

ಸರೋಜನ ಮುಖ ಅರಳಿತು. "ಅಯ್ಯೋ, ಅದನ್ನ ಏನ್ ಕೇಳ್ತೀಯ! ಬೂಂದಿ ಲಾಡು, ಚಿರೋಟಿ, ಎರಡು ಥರ ಕೋಸಂಬ್ರಿ. ಈಗ್ಲೂ ಜನ ನೆನೆಸ್ಕೋತಾರೆ."

"ಎಲ್ರಿಗೂ ಎಲೆ ಹಾಕಿದ್ರಾ?"

"ಮತ್ತೆ! ವಠಾರದಲ್ಲಿ ಒಬ್ರನ್ನೂ ಬಿಡ್ಲಿಲ್ಲ ಕಣೇ ನಮ್ಮವ್ವ."

"ರುಕ್ಕಜ್ಜಿಗೆ ಹಾಕಿರ್ಲಿಲ್ಲ" ಅಂದಳು ಗಿರಿಜ. "ನಂಗೂ ಹಾಕಿರ್ಲಿಲ್ಲ. ನಾವಿಬ್ರೂ ಮನೇಲೇ ಇದ್ವಿ."

ಸೊಸೆ ಸೌಟು ಹಿಡಿದು ಹಾಗೇ ನಿಂತಳು. ಗಿರಿಜ ಅನ್ನದಲ್ಲಿ ಗುಣಿ ಮಾಡಿ, "ಹಾಕಮ್ಮ, ಚೆನ್ನಾಗಿದೆ ವಾಸ್ನೆ" ಅಂದಳು. ಅವಳಿಗೆ ಒಗ್ಗರಣೆ ಅಂದರೆ ಇಷ್ಟ. ಮನೆಯಲ್ಲಿ ಸಿಗಲ್ಲ ನೋಡಿ.

ನಾನು ಮೊಸರು ಕೇಳಿ ಅನ್ನ ಕಲಸಿಕೊಂಡೆ. ಹೊಟ್ಟೆ ತುಂಬ ತಿಂದು ಎಲೆ ಮಡಿಚಿದೆ. ಸರೋಜನ ಎಲೆಯಲ್ಲಿ ಹೋಳಿಗೆ ಹಾಕಿದ್ದು ಹಾಕಿದ ಹಾಗೇ ಇತ್ತು.